ಕುರಿ ತೊಳೆಯುವ ಜಾಗದ ಕಲ್ಲು

ನಾನು ಯಾರ ಮಾತನ್ನೂ ಸುಲಭಕ್ಕೆ ಕೇಳುವವಳಲ್ಲ. ಇದನ್ನು ನನ್ನ ಅತ್ತೆ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ, ನಾನೂ ಅಲ್ಲಗಳೆದಿಲ್ಲ. ಜವನಗೊಂಡನಹಳ್ಳಿ ಕಡೆಯ ನಮ್ಮ ಊರಿಗೆ ಸೊಸೆಯಾಗಿ ಬಂದು ಎಷ್ಟೋ ವರ್ಷವಾಗಿದ್ದರೂ ಕೆರೆ ತುಂಬಿದ್ದನ್ನು ನಾನು ಕಂಡಿರಲಿಲ್ಲ. ಮಂಡಿಯುದ್ದ ನೀರು, ಅದರಲ್ಲಿ ಒಂದೆರಡು ಮೋಡ, ದಡದಲ್ಲಿ ತೂಕಡಿಸುವ ಕುರಿ. ನನ್ನ ಪಾಲಿಗೆ ಕೆರೆ ಅಂದರೆ ಅಷ್ಟೇ.

ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ನೀರಿಗಿಳಿಸಿ ತೊಳೆಯುವುದು ನಮ್ಮ ಪದ್ಧತಿ. ತೊಳೆಯುವ ಜಾಗ ಏರಿಯ ಬುಡದಲ್ಲೇ ಇತ್ತು, ಅಲ್ಲಿ ನೆಲದ ತುಂಬ ಮೊನಚು ಕಲ್ಲು. ಒಂದು ವರ್ಷ ಗಬ್ಬದ ಕುರಿಯೊಂದು ಕಲ್ಲಿನ ಸಂದಿಗೆ ಕಾಲು ಸಿಕ್ಕಿಸಿಕೊಂಡು ಮುರಿದುಕೊಂಡಿತು. ನನ್ನ ಪಿತ್ತ ನೆತ್ತಿಗೇರಿತು. ಮುಂದಿನ ಬೇಸಿಗೆಯಲ್ಲಿ ಗಂಡನನ್ನೂ ಎಳೆದುಕೊಂಡು ಹೋಗಿ ಕಲ್ಲನ್ನೆಲ್ಲ ಕಿತ್ತು, ಆ ಜಾಗವನ್ನು ಕಣದ ಹಾಗೆ ನುಣ್ಣಗೆ ಮಾಡಿದೆ. ಕಿತ್ತ ಕಲ್ಲಿನಲ್ಲಿ ಏರಿಯ ಹಿಂದೆ, ಕುರಿ ಕೂಡುವ ನಮ್ಮ ರೊಪ್ಪಕ್ಕೆ ಗೋಡೆ ಕಟ್ಟಿದೆವು.

ಅತ್ತೆ ಬಂದು ನೋಡಿದರು. "ಕಲ್ಲು ಅಲ್ಲೇ ಇರ್ಲಿ ಬಿಡವ್ವ. ಅವು ಸುಮ್ನೆ ಬಿದ್ದಿಲ್ಲ," ಅಂದರು.

"ಮತ್ತೇನು, ಕೆರೆ ಕಾಯ್ತಾ ಅವೆಯಾ?" ಎಂದು ನಾನು ನಕ್ಕೆ. ಅವರು ಇನ್ನೇನೋ ಹೇಳಲು ಹೊರಟು, ಸೆರಗು ಸರಿಮಾಡಿಕೊಂಡು ಹೋಗಿಬಿಟ್ಟರು.

ಆಮೇಲೆ ಬಂತು ನೋಡಿ ಮಳೆ. ಕೆರೆ ತುಂಬಿತು. ನಾನು ಒಲೆಯ ಮೇಲಿನ ಎಸರು ಮರೆತು ಏರಿ ಮೇಲೆ ಕೂತಿರುತ್ತಿದ್ದೆ. ನೀರೆಲ್ಲಿ ಮುಗಿದು ಆಕಾಶವೆಲ್ಲಿ ಶುರುವಾಯಿತೋ ತಿಳಿಯುತ್ತಿರಲಿಲ್ಲ. ನೋಡುತ್ತ ನೋಡುತ್ತ, ನಿಂತಿರುವುದು ನೀರು, ತೇಲಿಕೊಂಡು ಹೊರಟಿರುವುದು ಏರಿ ಅನ್ನಿಸುತ್ತಿತ್ತು. ಅಷ್ಟು ಸುಖ ನಾನು ತವರಲ್ಲೂ ಕಂಡಿರಲಿಲ್ಲ.

ಒಂದು ಮಧ್ಯಾಹ್ನ ಜೋರು ಗಾಳಿ ಎದ್ದಿತು. ಬೇರೆಲ್ಲ ಕಡೆ ಅಲೆಗಳು ನೀರೊಳಗಿನ ಕಲ್ಲಿನ ಮೇಲೆ ಒಡೆದು, ನೊರೆಯಾಗಿ, ಸುಸ್ತಾಗಿ ದಡ ಮುಟ್ಟುತ್ತಿದ್ದವು. ನಾನು ನುಣ್ಣಗೆ ಮಾಡಿದ ಜಾಗದಲ್ಲಿ ಮಾತ್ರ ಬಂದ ರಭಸದಲ್ಲೇ ಏರಿಗೆ ಗುದ್ದುತ್ತಿದ್ದವು. ಗುದ್ದಿದಾಗೆಲ್ಲ ಮಣ್ಣು ಹೆಂಟೆ ಹೆಂಟೆಯಾಗಿ ಕಳಚಿ ಬೀಳುತ್ತಿತ್ತು. ಏರಿಯ ಕೆಳಗೆ ನಮ್ಮ ರೊಪ್ಪ, ಅದರಾಚೆ ಊರು. ಕುರಿಗಳನ್ನೇನೋ ಗುಡ್ಡಕ್ಕೆ ಹೊಡೆಯಬಹುದು, ಮನೆಗಳನ್ನು ಎಲ್ಲಿಗೆ ಹೊಡೆಯುವುದು? ನಾನು ಕೂಗುತ್ತ ಊರ ಕಡೆ ಓಡಿದೆ.

ಅತ್ತೆ ಬಂದವರೇ ರೊಪ್ಪದ ಗೋಡೆಯಿಂದ ಮೊದಲ ಕಲ್ಲು ಕಿತ್ತರು. ಅದನ್ನು ಕಂಡು ಊರೇ ಸಾಲುಗಟ್ಟಿ ನಿಂತಿತು. ಕಲ್ಲುಗಳು ಕೈಯಿಂದ ಕೈಗೆ ದಾಟಿ ನೀರಿಗೆ ಬಿದ್ದವು. "ನೀಟಾಗಿ ಜೋಡಿಸ್ಬ್ಯಾಡ್ರಿ. ಹೆಂಗಂದ್ರೆ ಹಂಗೆ ಹಾಕ್ರಿ, ಒರಟಾಗಿರ್ಲಿ," ಎಂದು ಅತ್ತೆ ಹೇಳುತ್ತಲೇ ಇದ್ದರು. ಹೊತ್ತು ಇಳಿಯುವಷ್ಟರಲ್ಲಿ ಅಲ್ಲೂ ಅಲೆ ದೂರದಲ್ಲೇ ಮುಗ್ಗರಿಸತೊಡಗಿತು. ಗೋಡೆ ಹೋಯಿತು, ಏರಿ ಉಳಿಯಿತು.

ಮರುವರ್ಷ ನಮ್ಮ ಹೆಂಗಸರ ಸಂಘದವರು ಹಿರಿಯೂರಿನಲ್ಲಿ ಬಸ್ಸು ಗೊತ್ತುಮಾಡಿ ಕರಾವಳಿಗೆ ಹೊರಟರು. ಅತ್ತೆಯೂ ನಾನೂ ಸಮುದ್ರ ನೋಡಿದ್ದು ಅದೇ ಮೊದಲು. ಒಂದು ಕಡೆ ಅಲೆ ಗೋಡೆಯಂತೆ ಬಂದು ಮರಳಿನ ಮೇಲೆ ಬೀಳುತ್ತಿತ್ತು. ಸ್ವಲ್ಪ ಆಚೆಗೆ ಅದೇ ಅಲೆ ತಗ್ಗಿ, ಕೂಸು ಅಂಬೆಗಾಲಿಟ್ಟ ಹಾಗೆ ಬರುತ್ತಿತ್ತು. ಬಲೆ ಬಿಡಿಸುತ್ತಿದ್ದ ಒಬ್ಬರನ್ನು ಯಾಕೆಂದು ಕೇಳಿದೆ. "ಅಲ್ಲಿ ಅಡಿಯಲ್ಲಿ ಒರಟು ಬಂಡೆ ಉಂಟು. ಅದರ ಮೇಲೆ ಉಜ್ಜಿ ಉಜ್ಜಿ ಅಲೆಯ ಶಕ್ತಿ ಹೋಗ್ತದೆ," ಅಂದರು.

ಅತ್ತೆ ಮರಳಿನ ಮೇಲೆ ನೀರನ್ನೇ ನೋಡುತ್ತ ಕೂತರು. ಬಿಸಿಲು, ಉಪ್ಪುಗಾಳಿ, ನನಗೆ ಕಣ್ಣು ಎಳೆಯುತ್ತಿತ್ತು. ಆಗ ಅವರು ನನ್ನ ಕಡೆ ತಿರುಗದೆಯೇ ಹೇಳಿದರು: "ಆ ಕಲ್ಲು ನಾನೂ ಕಿತ್ತಿದ್ದೆ ಕಣೇ. ಮದುವೆಯಾಗಿ ಬಂದ ವರ್ಷ. ಕುರಿ ಕಾಲಿಗೆ ಚುಚ್ತವೆ ಅಂತ, ಯಾರಿಗೂ ಹೇಳ್ದೆ."

ಆ ವರ್ಷ ಏರಿ ಒಡೆದ ಕಥೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಏಡಿ ಬಿಲ ಕೊರೆದು ಒಡೆಯಿತು ಅನ್ನುತ್ತಾರೆ. ಕೆಳಗಿನ ಓಣಿಯ ಒಬ್ಬ ಬಾಣಂತಿ, ಅವಳ ಕೂಸು, ಇಬ್ಬರೂ ನೀರುಪಾಲಾದರು. ನನಗೆ ಅತ್ತೆಯ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ಅವರ ಕೈ ಹಿಡಿದುಕೊಂಡೆ.

"ಏರಿ ಮತ್ತೆ ಕಟ್ದಾಗ ಕಲ್ಲು ನಾನೇ ತಂದು ಹಾಕಿದ್ದೆ. ನಿನ್ನ ಏರಿ ಉಳೀತಲ್ಲ, ಬಿಡು," ಅಂದರು.

ಆ ಬಾಣಂತಿಯ ಗಂಡ ಈಗ ಮುದುಕ, ಮತ್ತೆ ಮದುವೆಯಾಗಲಿಲ್ಲ. ದಿನಾ ಬೆಳಗ್ಗೆ ಚೊಂಬು ಹಿಡಿದು ನಮ್ಮ ಮನೆಗೆ ಹಾಲಿಗೆ ಬರುತ್ತಾನೆ. ಅತ್ತೆ ಅವನಿಗೆ ಯಾವಾಗಲೂ ಒಂದು ಪಾವು ಹೆಚ್ಚೇ ಹಾಕುತ್ತಾರೆ. ಮೊನ್ನೆ ಅವರಿಗೆ ಜ್ವರ, ನಾನೇ ಹಾಕಬೇಕಾಯಿತು. "ಯಾಕವ್ವ, ಇಷ್ಟೊಂದು?" ಅಂದ. ಚೊಂಬು ತುಂಬಿ ಚೆಲ್ಲುತ್ತಿದ್ದರೂ ನಾನು ತಲೆ ಎತ್ತಲಿಲ್ಲ.