ಭಾವನ ಕೋಟೆ, ಮೇಷ್ಟ್ರ ಕೋಟು

ನಮ್ಮ ಭಾವ ಟೈಲರ್. ಅವರ ಕೈಗೆ ಹೆಸರಿದೆ, ಮಾತಿಗಿಲ್ಲ. ಯಾರೇ ಬಂದರೂ ಒಂದೇ ಪಲ್ಲವಿ: "ಬಟ್ಟೆ ರೆಡಿ ಇದೆ, ಗುಂಡಿ ಒಂದೇ ಬಾಕಿ. ನಾಳೆ ಬನ್ನಿ." ಪಕ್ಕದ ಇಸ್ತ್ರಿ ಅಂಗಡಿ ನನ್ನದು. ಅವರು ಹೊಲಿದರೆ ತಾನೇ ನಾನು ಇಸ್ತ್ರಿ ಹಾಕುವುದು? ನಮ್ಮಕ್ಕ ಕೂಡ ಮೊದಮೊದಲು ಆ ಅಂಗಡಿಗೆ ಬಂದದ್ದು ಗಿರಾಕಿಯಾಗಿಯೇ. ಅಲೆದೂ ಅಲೆದೂ ಕಡೆಗೆ ಅವರನ್ನೇ ಮದುವೆಯಾದಳು.

ಇಂಥ ಮನುಷ್ಯ ಫೋನಿನ ಕೋಟೆ ಆಟದಲ್ಲಿ ಮಾತ್ರ ಗಡಿಯಾರಕ್ಕೇ ಪಾಠ ಹೇಳುತ್ತಿದ್ದರು. ನೂರಾರು ಜನ ಒಟ್ಟಿಗೆ ಆಡುವ ಆಟ ಅದು. ಒಬ್ಬೊಬ್ಬರಿಗೂ ಒಂದು ಕೋಟೆ, ಒಂದು ದಂಡು. ಒಂಟಿಯಾಗಿ ಉಳಿದವನು ಕೆಟ್ಟ, ಹಾಗಾಗಿ ಮೈತ್ರಿ ಬೇಕು. ಯಾವಾಗ ಎನ್ನುವುದರಲ್ಲಿತ್ತು ಭಾವನ ವಿದ್ಯೆ.

"ಬೇಗ ಕೈ ಜೋಡಿಸಿದ್ರೆ ಅವನ ಯುದ್ಧಕ್ಕೆ ನಾವು ಸಾಯ್ಬೇಕು. ಅವನಿಗೆ ಬೇರೆ ಗತಿ ಇಲ್ಲ ಅನ್ನೋವಾಗ ಒಪ್ಕೋಬೇಕು ಕಣೋ. ಆಗ ನಾವು ಹೇಳಿದ್ದೇ ಷರತ್ತು," ಎನ್ನುತ್ತಿದ್ದರು.

ಹೀಗೆ ಎಂಟು ತಿಂಗಳಲ್ಲಿ ಎರಡನೇ ಸ್ಥಾನಕ್ಕೆ ಬಂದಿದ್ದರು. ಇನ್ನೊಂದು ವಾರ ಕೋಟೆ ಉಳಿದರೆ ಮೊದಲನೇ ಸ್ಥಾನ. ಬಾಳಿನಲ್ಲಿ ಯಾವುದರಲ್ಲೂ ಮೊದಲು ಬಂದವರಲ್ಲ, ಪಾಪ, ಅದೊಂದೇ ಆಸೆ ಅವರಿಗೆ.

ಆ ಗುರುವಾರ ಮಧ್ಯಾಹ್ನ ಮೂರಕ್ಕೆ ಭಾವನ ಕತ್ತರಿ ನಿಂತಿತು. ಮೂರು ಕೋಟೆಯವರು ಒಟ್ಟಾಗಿ ಅವರ ಮೇಲೆ ದಂಡು ಹೊರಡಿಸಿದ್ದರು. ಐದಕ್ಕೆ ಬಂದು ಮುಟ್ಟುತ್ತದೆ ಎಂದು ಫೋನು ತೋರಿಸುತ್ತಿತ್ತು. ನೆರವಿಗೆ ಬರುವಷ್ಟು ಹತ್ತಿರ ಇದ್ದದ್ದು ಒಂದೇ ಕೋಟೆ, ಹಿಂದಿನ ಬೀದಿಯ ಮೇಷ್ಟ್ರದು. ಭಾವ ಮೈತ್ರಿ ಕೇಳಿ ಕಳಿಸಿದರು. ಉತ್ತರ ಬಂತು. ಓದಿದವರೇ ಮುಖ ಹುಳ್ಳಗೆ ಮಾಡಿಕೊಂಡು ಫೋನು ನನ್ನ ಕೈಗಿಟ್ಟರು.

"ಒಪ್ಪಿಗೆ ರೆಡಿ ಇದೆ. ಮುದ್ರೆ ಒಂದೇ ಬಾಕಿ. ನಾಳೆ ಬನ್ನಿ."

ಮೇಷ್ಟ್ರ ಕೋಟು ನಾಲ್ಕು ತಿಂಗಳಿಂದ ಅಂಗಡಿಯ ಗೂಟಕ್ಕೆ ನೇತಾಡುತ್ತಿತ್ತು. ಮರುದಿನ ಶಾಲೆಯಲ್ಲಿ ಅವರಿಗೆ ಬೀಳ್ಕೊಡುಗೆ. ಅದನ್ನು ತೊಟ್ಟು ಫೋಟೋ ತೆಗೆಸಿಕೊಳ್ಳಬೇಕಿತ್ತು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

"ಮಾಡಿದ್ದುಣ್ಣೋ ಮಹರಾಯ," ಎಂದೆ.

"ಬಾಯ್ಮುಚ್ಕೊಂಡು ಇಸ್ತ್ರಿ ಕಾಯ್ಸು," ಎಂದರು ಭಾವ.

ಗುಂಡಿ ಒಂದೇ ಬಾಕಿಯಂತೆ. ಕೋಟಿಗೆ ತೋಳೇ ಇರಲಿಲ್ಲ. ಮಿಷನ್ನು ಆ ಪರಿ ಓಡಿದ್ದನ್ನು ನಾನು ಕಂಡದ್ದೇ ಇಲ್ಲ. ಗದ್ದಲ ಕೇಳಿ ಒಳಗಿನಿಂದ ಬಂದ ಅಕ್ಕ ಏನೂ ಕೇಳದೆ ಗುಂಡಿ ಹಾಕಲು ಕೂತಳು. ನಾಲ್ಕೂಮುಕ್ಕಾಲಿಗೆ ಇನ್ನೂ ಬಿಸಿಯಿದ್ದ ಕೋಟು ಹಿಡಿದು ಮೂವರೂ ಮೇಷ್ಟ್ರ ಮನೆಗೆ ಓಡಿದೆವು.

ಮೇಷ್ಟ್ರು ಸಾವಕಾಶವಾಗಿ ತೊಟ್ಟರು. ಕನ್ನಡಿ ಮುಂದೆ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಜೇಬಿನ ಆಳ ನೋಡಿದರು. ಭಾವನ ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು. ಐದಕ್ಕೆ ಎರಡು ನಿಮಿಷ ಇರುವಾಗ ಮೇಷ್ಟ್ರು ಫೋನು ಒತ್ತಿದರು. ಅವರ ದಂಡು ಭಾವನ ಬಾಗಿಲಿಗೆ ಬಂದು ನಿಂತಿತು. ಕೋಟೆ ಉಳಿಯಿತು.

"ಅಷ್ಟೊತ್ತು ಜೀವ ತಿಂದ್ರಲ್ಲ ಮೇಷ್ಟ್ರೇ," ಎಂದು ಭಾವ ನೆಲದ ಮೇಲೇ ಕೂತುಬಿಟ್ಟರು.

"ಮೂರು ಗಂಟೆಗೇ ಒಪ್ಪಿದ್ರೆ ಕೋಟು ಬರ್ತಿತ್ತೇನಪ್ಪಾ?"

ಭಾವನಿಗೆ ನಿಜಕ್ಕೂ ನಾಚಿಕೆಯಾಯಿತು. ನನಗೂ ಅಯ್ಯೋ ಎನ್ನಿಸಿತು. ಅಕ್ಕ ಮಾತ್ರ ತನ್ನ ಫೋನನ್ನು ಮೇಷ್ಟ್ರ ಮುಂದೆ ಹಿಡಿದಳು.

"ಈ ಆಟ ನನಗೂ ಹಾಕ್ಕೊಡಿ ಮೇಷ್ಟ್ರೇ. ಮದುವೆಗೆ ಮುಂಚೆ ಕೊಟ್ಟ ಬಟ್ಟೆ ಇನ್ನೂ ಬಂದಿಲ್ಲ."