ಎರಡು ಸೆನ್ಸರ್, ಒಂದೇ ಮಾತು

ಯಾಂಬೋಲ್ ಊರಿನ ಅಂಚಿನಲ್ಲಿರುವ ಝಿವ್ಕಾಳ ಮನೆಯಲ್ಲಿ ಅಂಗಳದ ಒಂದು ಬದಿಗೆ ಅಡುಗೆಮನೆ, ಇನ್ನೊಂದು ಬದಿಗೆ ಗ್ಯಾರೇಜು. ಮದುವೆಯಾಗಿ ಬಂದಾಗಿನಿಂದ ಆ ಅಂಗಳವನ್ನು ಅವಳು ಎಷ್ಟು ಸಲ ದಾಟಿದ್ದಾಳೋ ಯಾರಿಗೂ ಗೊತ್ತಿಲ್ಲ. ಗಂಡ ಪ್ಲಾಮೆನ್ ಕಾರಿನಡಿಯಿಂದ ಕೂಗಿದರೆ ಲೈಟು ಹಿಡಿಯಬೇಕು, ಗಿರಾಕಿಗೆ ಕಾಫಿ ಕೊಡಬೇಕು, ಸಂಜೆ ಅವನ ಎಣ್ಣೆ ಮೆತ್ತಿದ ಬಟ್ಟೆ ಒಗೆಯಬೇಕು. ಇಷ್ಟಕ್ಕೂ ಊರವರು ಇಟ್ಟ ಹೆಸರು 'ಪ್ಲಾಮೆನ್‌ಗೆ ಸ್ವಲ್ಪ ಸಹಾಯ'.

ವಸಂತದಲ್ಲಿ ಗೇರ್‌ಬಾಕ್ಸ್ ಎತ್ತಲು ಹೋಗಿ ಪ್ಲಾಮೆನ್ ಸೊಂಟ ಉಳುಕಿಸಿಕೊಂಡ. ಅವನು ಮಂಚ ಹಿಡಿದ, ಅವಳು ಸ್ಪ್ಯಾನರ್ ಹಿಡಿದಳು. ಮೊದಮೊದಲು ಅವನು ಕಿಟಕಿಯಿಂದ ಹೇಳಿದ್ದನ್ನು ಮಾಡುತ್ತಿದ್ದಳು. ಬೇಸಿಗೆ ಕಳೆಯುವಷ್ಟರಲ್ಲಿ ಅವನು ಬಾಯಿ ತೆರೆಯುವ ಮುಂಚೆಯೇ ಕೆಲಸ ಮುಗಿದಿರುತ್ತಿತ್ತು. ಅಡುಗೆಗೆ, ಒಗೆತಕ್ಕೆ ಮಾತ್ರ ಬದಲಿ ಯಾರೂ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಎದ್ದು ಓಡಾಡತೊಡಗಿದ ಪ್ಲಾಮೆನ್ ಹೇಳಿದ: "ಸೋಮವಾರದಿಂದ ಗ್ಯಾರೇಜಿಗೆ ನಾನೇ ಇಳೀತೀನಿ. ನೀನು ಒಳಗಿರು. ದೊಣ್ಣೆಮೆಣಸಿನಕಾಯಿ ಮೂಟೆಗಟ್ಟಲೆ ಬಂದು ಬಿದ್ದಿದೆ, ಚಳಿಗಾಲಕ್ಕೆ ಸುಟ್ಟು, ಸಿಪ್ಪೆ ಸುಲಿದು ಜಾಡಿಗೆ ತುಂಬಿ ಇಡ್ಬೇಕು."

ಝಿವ್ಕಾಳಿಗೆ ಒಳಗೆ ಹೋಗುವ ಮನಸ್ಸಿರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳುವಷ್ಟರಲ್ಲಿ ಗಾಂಚೋನ ಕಾರು ಬಂತು. ಗಾಂಚೋ ಹಳ್ಳಿಹಳ್ಳಿಗೆ ಬ್ರೆಡ್ ಹಂಚುವವನು. ಅವನ ಕಾರಿನಲ್ಲಿ ಎಂಜಿನ್ ಸರಿಯಿಲ್ಲ ಎಂದು ಎಚ್ಚರಿಸುವ ಹಳದಿ ದೀಪ ಮತ್ತೆ ಹೊತ್ತಿತ್ತು. ಹಿಂದಿನ ವಾರ ಅದೇ ದೀಪಕ್ಕೆ ಝಿವ್ಕಾ ಸ್ಕ್ಯಾನರ್ ಹಾಕಿ ನೋಡಿದ್ದಳು. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಹೇಳುವ ಸೆನ್ಸರಿನ ಕೋಡ್ ಬಂದಿತ್ತು: ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಸೆನ್ಸರ್ ಕೆಟ್ಟಿದೆ ಎಂದುಕೊಂಡು ಹೊಸದು ಹಾಕಿ ಕಳಿಸಿದ್ದಳು.

"ಝಿವ್ಕಾ ಅಕ್ಕಾ, ಹೊಸ ಸೊಸೇನೂ ಹಳೇ ಸೊಸೆ ರಾಗಾನೇ ಹಾಡ್ತಾಳೆ," ಎಂದ ಗಾಂಚೋ, ದೀಪ ತೋರಿಸುತ್ತ.

ಪ್ಲಾಮೆನ್‌ಗೆ ಅಷ್ಟೇ ಸಾಕಾಯಿತು. "ನೋಡ್ದಾ? ಅಗ್ಗದ ಸೆನ್ಸರ್ ಹಾಕಿದೀಯ. ಒಳ್ಳೇದೊಂದು ಹಾಕಿದ್ರೆ ಮುಗೀತು. ಬಿಡು, ನಾನು ಹಾಕ್ತೀನಿ."

"ಇಬ್ಬರು ಬೇರೆಬೇರೆ ಬಂದು ಒಂದೇ ಮಾತು ಹೇಳಿದ್ರೆ, ಇಬ್ರೂ ಸುಳ್ಳುಗಾರ್ರಾ?" ಎಂದಳು ಝಿವ್ಕಾ. " ಮೊದಲನೇದು ಹೇಳ್ದಾಗ ನಾನೇ ಕೇಳಿಸ್ಕೊಳ್ಳಲಿಲ್ಲ, ತಪ್ಪು ನಂದು. ನಾಳೆವರೆಗೂ ಕಾರು ಇಲ್ಲೇ ಇರ್ಲಿ, ಕಾರಣ ಹುಡುಕ್ತೀನಿ."

"ನಾಳೆನೂ ಸಿಗ್ದೇ ಹೋದ್ರೆ?"

"ಒಳಗೆ ಹೋಗ್ತೀನಿ. ಸಿಕ್ಕಿದ್ರೆ ಇಲ್ಲೇ ಇರ್ತೀನಿ."

ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಚಾಲು ಮಾಡಿ ಕಿವಿಗೊಟ್ಟಳು. ಟಿಕ್‌ಟಿಕ್ ಎಂಬ ಸಣ್ಣ ಸದ್ದು. ಎಂಜಿನ್ ಬಿಸಿಯಾದ ಮೇಲೆ ಅದು ನಿಂತೇಹೋಯಿತು. ಎಲ್ಲೋ ಸೆನ್ಸರಿಗಿಂತ ಮುಂಚೆ, ಹೊಗೆಪೈಪಿನಲ್ಲಿ ಸಂದಿ ಬಿದ್ದಿದೆ; ಬಿಸಿಗೆ ಲೋಹ ಹಿಗ್ಗಿದಾಗ ಅದು ಮುಚ್ಚಿಕೊಳ್ಳುತ್ತದೆ. ಆ ಸಂದಿಯಲ್ಲಿ ಹೊರಗಿನ ಗಾಳಿ ಒಳನುಗ್ಗಿದರೆ ಸೆನ್ಸರ್ ತಾನೇ ಏನು ಮಾಡೀತು, ಕಂಡದ್ದನ್ನು ಹೇಳಿದೆ. ಆದರೆ ಸಂದಿ ಎಲ್ಲಿ? ಎಂಜಿನ್ ಆರಲು ಬಿಟ್ಟು ಅವಳು ಮನೆಯೊಳಗಿಂದ ಕಸ ಎಳೆಯುವ ಹಳೇ ಮಷೀನನ್ನು ಹೊತ್ತು ಹೊರಟಳು. ಅದರ ಹಿಂಬದಿಗೆ ಕೊಳವೆ ಸಿಕ್ಕಿಸಿದರೆ ಗಾಳಿ ಊದುತ್ತಿತ್ತು. ಗೋಡೆಗೆ ಸುಣ್ಣ ಹೊಡೆಯಲು ಅವಳೇ ಬಳಸುತ್ತಿದ್ದಳು.

ಬಾಗಿಲಲ್ಲಿ ಅತ್ತೆ ಗೀನಾ ಅಡ್ಡ ನಿಂತಳು. "ಅದನ್ನ ಎಲ್ಲಿಗೆ ಹೊತ್ಕೊಂಡು ಹೊರಟ್ಯೇ?"

"ಕಾರಿನ ಹಿಂದುಗಡೆಗೆ, ಅತ್ತೆ."

"ಥೂ! ನಾಳೆ ಅದರಲ್ಲೇ ನನ್ನ ಕೋಣೆ ಗುಡಿಸ್ತೀಯಾ?"

"ಇಲ್ಲ ಅತ್ತೆ, ನಾಳೆ ನಿಮ್ಮ ಮಗ ಪೊರಕೆ ಹಿಡೀತಾನೆ."

ಹೊಗೆ ಬರುವ ಬಾಯಿಗೆ ಕೊಳವೆ ಇಟ್ಟು, ಸುತ್ತ ಬಟ್ಟೆ ತುರುಕಿ ಗಾಳಿ ಊದಿಸಿದಳು. ಪಾತ್ರೆ ಸೋಪಿನ ನೊರೆಯನ್ನು ಬ್ರಷ್ಷಿನಿಂದ ಪೈಪಿನುದ್ದಕ್ಕೂ ಬಳಿದಳು.

"ಲೈಟ್ ಹಿಡಿ," ಎಂದಳು ಗಂಡನಿಗೆ. "ನನ್ನ ತಲೆಗಲ್ಲ ಮಾರಾಯಾ, ಪೈಪಿಗೆ!"

ಮೂರನೇ ಸಿಲಿಂಡರಿಗೆ ಪೈಪು ಸೇರುವ ಕಡೆ, ಸಂದಿ ಮುಚ್ಚುವ ತೆಳು ಗ್ಯಾಸ್ಕೆಟ್ ಇರುವಲ್ಲಿ ನೊರೆ ಗುಳ್ಳೆಗುಳ್ಳೆಯಾಗಿ ಉಬ್ಬಿತು.

"ಗ್ಯಾಸ್ಕೆಟ್ ಸುಟ್ಟಿದೆ," ಎಂದ ಪ್ಲಾಮೆನ್, ತಾನೇ ಕಂಡುಹಿಡಿದವನ ಹಾಗೆ.

"ಹ್ಞೂಂ, ಸುಟ್ಟಿದೆ," ಎಂದಳು. ತುಕ್ಕು ಹಿಡಿದ ಬೋಲ್ಟ್ ಒಂದು ಮುರಿದು ಕೈ ತರಚಿತು; ಹೊಸ ಗ್ಯಾಸ್ಕೆಟ್ ಕೂರಿಸಿ ಕೆಲಸ ಮುಗಿದಾಗ ಸಂಜೆ. ಭಾನುವಾರ ಗಾಂಚೋ ಬಿಸಿ ಬ್ರೆಡ್ ಹಿಡಿದು ಬಂದ. ಊರೆಲ್ಲ ಸುತ್ತಿದರೂ ದೀಪ ಹೊತ್ತಿರಲಿಲ್ಲ.

ಸೋಮವಾರ ಪ್ಲಾಮೆನ್ ಕೆಲಸದ ಬಟ್ಟೆ ಹಾಕಿಕೊಂಡು ಬಂದ. ಝಿವ್ಕಾ ಆಗಲೇ ಒಂದು ಕಾರಿನಡಿ ಇದ್ದಳು.

"ನಾನು ಇಳೀತೀನಿ ಅಂದಿದ್ನಲ್ಲ."

"ಇಳಿ. ಡಾಕ್ಟರು ಬಗ್ಗಬೇಡ ಅಂದಿದಾರೆ. ಬಗ್ಗದೆ ಹೇಗೆ ಇಳೀತೀಯೋ ನೋಡೋಣ. ಮೆಣಸಿನಕಾಯಿ ಆದ್ರೆ ಕೂತ್ಕೊಂಡೇ ಸುಡಬಹುದು."

ಅವನು ಗೊಣಗುತ್ತ ಅಂಗಳಕ್ಕೆ ಸ್ಟೂಲು ಎಳೆದುಕೊಂಡ. "ಸಿಪ್ಪೆ ಸುಲಿಯೋಕಾದ್ರೂ ಬರುತ್ತೇನೋ?" ಎಂದು ಅವನ ತಾಯಿ ಗೀನಾ ಎದುರಿಗೆ ಕೂತು ಹೇಳಿಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಜಾಡಿಗಳು ತುಂಬಿದ್ದವು. ಅಂಗಳದ ತುಂಬ ಕರಿ ಸಿಪ್ಪೆ, ಮಸಿ ಹಿಡಿದ ತಟ್ಟೆಗಳು.

"ಝಿವ್ಕಾ, ಇದನ್ನೆಲ್ಲ ತೊಳೆಯೋದು..." ಎಂದ ಪ್ಲಾಮೆನ್.

"ನನ್ನ ಸ್ಪ್ಯಾನರ್‌ಗಳನ್ನ ನಾನೇ ಒರೆಸಿಟ್ಟು ಒಳಗೆ ಬರೋದು," ಎಂದು ಅವಳು ಇನ್ನೊಂದು ಕಾರಿನ ಬಾನೆಟ್ ಎತ್ತಿದಳು.

ಅವನು ತಟ್ಟೆಗಳನ್ನು ಒಟ್ಟುಗೂಡಿಸಿದ. ಆಮೇಲೆ ಅಂಗಳದ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು.