ಕೋಡಿಗದ್ದೆಯ ಮೇಲೆ ಕಟ್ಟಿದ ಮನೆ

ಬೊಮ್ಮನಹಳ್ಳಿಯ ಆಚೆಗೆ ನಮ್ಮ ಬಡಾವಣೆ ಆಗಷ್ಟೇ ಎದ್ದು ನಿಲ್ಲುತ್ತಿದ್ದ ಕಾಲ. ರಸ್ತೆಗೆ ಡಾಂಬರು ಬಂದಿರಲಿಲ್ಲ, ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ನಾನಾಗ ಐದನೇ ಕ್ಲಾಸು. ಅಪ್ಪ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಮೆಷಿನ್ ನಡೆಸುತ್ತಿದ್ದ, ಅವ್ವ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಕೊಪ್ಪಳದ ಕಡೆಯಿಂದ ಬಂದು ವರ್ಷಗಟ್ಟಲೆ ಬಾಡಿಗೆ ಕೋಣೆಗಳಲ್ಲಿದ್ದ ನಮಗೆ ಕಡೆಗೂ ಸ್ವಂತದ್ದೊಂದು ಮನೆಯಾಗಿತ್ತು. ಎರಡೇ ಕೋಣೆ. ಆದರೂ ಹೊಸ ಬಣ್ಣದ ವಾಸನೆ ಹೋಗಿಬಿಟ್ಟೀತೆಂದು ನಾನು ಕಿಟಕಿ ತೆಗೆಯಲು ಬಿಡುತ್ತಿರಲಿಲ್ಲ. ಕಿಟಕಿಯ ಕೆಳಗೆ ಅವ್ವನ ಹೊಲಿಗೆ ಮಷಿನ್ ಇತ್ತು. ಭಾನುವಾರ ಅವಳು ಅಕ್ಕಪಕ್ಕದವರಿಗೆ ಕುಪ್ಪಸ ಹೊಲಿಯುತ್ತಿದ್ದಳು.

ನಮಗೆ ಹಾಲು ಕೊಡುತ್ತಿದ್ದವಳು ಮುನಿಯಮ್ಮಜ್ಜಿ, ಪಕ್ಕದ ಹಳೆಯ ಹಳ್ಳಿಯ ಮೂಲದವಳು. ಬಡಾವಣೆಯ ಜಮೀನು ಒಂದು ಕಾಲಕ್ಕೆ ಅವಳ ಮನೆತನದ್ದೇ. ಮಕ್ಕಳು ಅದನ್ನು ಸೈಟು ಮಾಡಿ ಮಾರತೊಡಗಿ, ಮೇಲಿನ ದಿಣ್ಣೆಯಲ್ಲಿ ಸಾಲು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಅಜ್ಜಿ ಮಾತ್ರ ಮೂರು ಹಸು ಬಿಟ್ಟಿರಲಿಲ್ಲ. ಆ ವರ್ಷದ ಮೊದಲ ಮಳೆಯ ಮಾರನೆಯ ದಿನ ಅವಳು ಹಾಲು ಅಳೆದು ಕೊಟ್ಟವಳು ಹೋಗದೆ ಹೊಸಿಲ ಹೊರಗೇ ನಿಂತಳು.

"ಅಲ್ಲ ಕಣಮ್ಮ, ಇದು ಕೋಡಿಗದ್ದೆ. ಮ್ಯಾಗಳ ಕೆರೆ ತುಂಬುದ್ರೆ ನೀರು ಇಂಗೇ ಬತ್ತದೆ. ಮಾರ್ದೋರು ನಾವೇ. ಹೇಳ್ದೆ ಇದ್ರೆ ನಂಗೆ ಪಾಪ ಸುತ್ಕೊಂತದೆ."

ಅವ್ವ ಸಂಜೆ ಇದನ್ನು ಅಪ್ಪನಿಗೆ ಹೇಳಿದಳು. ಅಪ್ಪ ನಕ್ಕ. ಮಳೆಗಾಗಿ ಆಕಾಶ ನೋಡುತ್ತ ಬೆಳೆದವನು ಅವನು. "ಮಳಿ ಬಂದ್ರ ಚಲೋ ಆತು ಬಿಡು, ಅದಕ್ಕ್ಯಾಕ ಅಂಜತಿ?" ಅಂದ. ಎರಡು ದಿನ ಬಿಟ್ಟು ಅಜ್ಜಿಯ ದೊಡ್ಡ ಮಗನೇ ಬಂದು, ವಯಸ್ಸಾದವರು ಏನೇನೋ ಅಂತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಹೇಳಿ ಹೋದ. ಇನ್ನೂ ಹತ್ತಾರು ಸೈಟು ಮಾರುವುದಿತ್ತು ಅವನಿಗೆ.

ಅಪ್ಪ ಮರೆತ. ಅವ್ವನಿಗೂ ನನಗೂ ಮರೆಯಲಾಗಲಿಲ್ಲ. ಆ ಮಳೆಗಾಲವಿಡೀ ಮೋಡ ಕಟ್ಟಿದರೆ ಕ್ಲಾಸಿನಲ್ಲಿ ನನ್ನ ಕಣ್ಣು ಕಿಟಕಿಯ ಮೇಲೆಯೇ. ಟೀಚರ್ ಬೋರ್ಡಿನ ಮೇಲೆ ಬರೆದದ್ದು ತಲೆಗೆ ಹೋಗುತ್ತಿರಲಿಲ್ಲ. ನಮ್ಮ ಬೀದಿಯ ಉದ್ದಕ್ಕೂ ಚರಂಡಿಯ ಮೇಲೆ ಕಲ್ಲುಚಪ್ಪಡಿ ಹಾಸಿದ್ದರು. ನಾವು ಹುಡುಗಿಯರು ಅದೇ ಚಪ್ಪಡಿಗಳನ್ನು ಮನೆಗಳನ್ನಾಗಿ ಮಾಡಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದೆವು. ನಡುವೆ ಒಂದು ಚಪ್ಪಡಿ ಮುರಿದುಬಿದ್ದು ಬಾವಿಯಂಥ ತೂತಾಗಿತ್ತು. ಅಲ್ಲಿಂದ ಸೋಪಿನ ನೊರೆಯ, ಕೊಳೆತ ಸೊಪ್ಪಿನ ವಾಸನೆ ಬರುತ್ತಿತ್ತು. ಮಳೆ ಬಿದ್ದ ದಿನ ಎಲ್ಲರೂ ಆಡುತ್ತಿದ್ದರೆ ನಾನು ಆ ತೂತಿಗೆ ಬಗ್ಗಿ, ನೀರು ನಿನ್ನೆಗಿಂತ ಮೇಲೆ ಬಂದಿದೆಯೇ ಎಂದು ನೋಡುತ್ತಿದ್ದೆ.

ನೀರು ಬಂದ ದಿನ ಮಳೆಯೇ ಇರಲಿಲ್ಲ. ಮೂರು ದಿನ ಸುರಿದು ನಿಂತು, ಬಿಸಿಲು ಬಿದ್ದಿತ್ತು. ಶನಿವಾರ, ಅರ್ಧ ದಿನದ ಸ್ಕೂಲು ಮುಗಿಸಿ ಬಂದು ಒಬ್ಬಳೇ ಕೂತು ಶೇಂಗಾ ಚಟ್ನಿಯಲ್ಲಿ ತಣ್ಣನೆಯ ರೊಟ್ಟಿ ತಿನ್ನುತ್ತಿದ್ದೆ. ಬಚ್ಚಲ ತೂತಿನಲ್ಲಿ ಗುಳುಗುಳು ಎಂದಿತು. ಹೋಗಿ ನೋಡಿದರೆ ಕಪ್ಪು ನೀರು ಕೆಳಗಿನಿಂದ ಮೇಲಕ್ಕೆ ಉಕ್ಕುತ್ತಿತ್ತು. ಗೋಣಿಚೀಲ ತಂದು ತುರುಕಿದೆ. ಅಷ್ಟರಲ್ಲಿ ಮುಂಬಾಗಿಲ ಕೆಳಗಿನಿಂದಲೂ ನೀರು ಹರಿದು ಬಂತು. ನಾನು ಮಾಡಿದ್ದೇನೆಂದರೆ, ಅಕ್ಕಿ ಡಬ್ಬವನ್ನಲ್ಲ, ದುಡ್ಡಿನ ಪೆಟ್ಟಿಗೆಯನ್ನೂ ಅಲ್ಲ, ನನ್ನ ಸ್ಕೂಲ್ ಚೀಲವನ್ನು ಎತ್ತಿಕೊಂಡು ಮಂಚ ಹತ್ತಿ ನಿಂತೆ.

ಕಿಟಕಿಯಲ್ಲಿ ಅಜ್ಜಿಯ ಮುಖ ಕಂಡಿತು. ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ಹಸು ಹೊಡೆಯುವ ಕೋಲು ಹಿಡಿದಿದ್ದಳು. ಬಾಗಿಲು ತೆಗೆಯಲು ಹೇಳಿದಳು. ಹೊರಗೆ ನನ್ನ ತೊಡೆ ಮುಳುಗುವಷ್ಟು ನೀರು. ಬೀದಿ ಯಾವುದು, ಚಪ್ಪಡಿ ಯಾವುದು, ಆ ತೂತು ಎಲ್ಲಿ, ಒಂದೂ ಕಾಣುತ್ತಿರಲಿಲ್ಲ. ನಾನು ಅಭ್ಯಾಸಬಲದಿಂದ ಬೀದಿಯ ಕಡೆಗೇ ತಿರುಗಿದೆ. ಅಜ್ಜಿ ರಟ್ಟೆ ಹಿಡಿದು ಎಳೆದಳು.

"ಅತ್ಲಾಗೆ ಓಗ್ಬ್ಯಾಡ. ಕಾಲು ಎತ್ಬ್ಯಾಡ, ಉಜ್ಕೊಂಡು ಬಾ."

ಮನೆಗಳ ಹಿಂಭಾಗದಿಂದ, ಹಳೆಯ ಬದುವಿದ್ದ ಜಾಗ ಹಿಡಿದು ನಡೆಸಿದಳು. ಪ್ರತಿ ಹೆಜ್ಜೆಗೂ ಮುಂದೆ ಕೋಲು ಊರಿ ನೋಡುವಳು. ಗೋಡೆ ಸಿಕ್ಕಿದಲ್ಲಿ ನನ್ನ ಕೈಯನ್ನು ಅದರ ಮೇಲೆ ಇಡಿಸುವಳು. ಒಂದು ಕಡೆ ಕೋಲು ಪೂರ್ತಿ ಒಳಗೆ ಹೋಯಿತು. ಅಲ್ಲಿಂದ ನಾಲ್ಕು ಹೆಜ್ಜೆ ಹಿಂದೆ ಬಂದು ಬೇರೆ ದಾರಿ ಹಿಡಿದೆವು. ದಿಣ್ಣೆ ಹತ್ತಿದ ಮೇಲೆಯೇ ಅವಳು ನನ್ನ ರಟ್ಟೆ ಬಿಟ್ಟಳು. ಕೊಟ್ಟಿಗೆಯ ಸಗಣಿ ವಾಸನೆ ಅಷ್ಟು ಹಿತವೆನಿಸಿದ್ದು ಅದೊಂದೇ ಸಲ. ಬಿಸಿ ಮುದ್ದೆಗೆ ಅವರೆಕಾಳಿನ ಸಾರು ಹಾಕಿ ಮುಂದಿಟ್ಟಳು. ಅವಳ ಮನೆಯ ಮೇಲಿನಿಂದ ನೋಡಿದರೆ ಮೇಲಿನ ಕೆರೆ ತುಂಬಿ ಕೋಡಿ ಹರಿಯುತ್ತಿತ್ತು, ನಮ್ಮ ಮನೆ ಕಿಟಕಿಯವರೆಗೆ ನೀರಲ್ಲಿತ್ತು. ಸುದ್ದಿ ತಿಳಿದು ಶಿಫ್ಟು ಬಿಟ್ಟು ಓಡಿ ಬಂದ ಅವ್ವ ನನ್ನ ಕೈಕಾಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

ನೀರು ಇಳಿದ ಮೇಲೆ ಅವ್ವ ಮಾಡಿದ ಮೊದಲ ಕೆಲಸ ಮನೆ ತೊಳೆದದ್ದು. ಗೋಡೆಯ ಕೆಸರನ್ನೆಲ್ಲ ಉಜ್ಜಿ ತೆಗೆದಳು, ಹಾಳಾದ ಹಾಸಿಗೆ, ಬಟ್ಟೆ, ಅಕ್ಕಿಯನ್ನು ತಿಪ್ಪೆಗೆ ಸಾಗಿಸಿದಳು. ಸಾಲ ಕೊಡುವಾಗ ಬ್ಯಾಂಕಿನವರು ಮನೆಗೆ ವಿಮೆ ಮಾಡಿಸಿದ್ದರೆಂಬುದು ಅಪ್ಪನಿಗೆ ನೆನಪಾದದ್ದು ಆಮೇಲೆ. ನಷ್ಟ ಅಳೆಯಲು ವಿಮೆ ಕಂಪನಿಯ ಸರ್ವೇಯರ್ ಬಂದಾಗ ನೀರು ಎಲ್ಲಿಯವರೆಗೆ ನಿಂತಿತ್ತು, ಫೋಟೋ ಇದೆಯೇ, ಹಾಳಾದ ಸಾಮಾನು ಎಲ್ಲಿ ಎಂದು ಕೇಳಿದ. ನಮ್ಮ ಗೋಡೆ ಮಾತ್ರ ಇಡೀ ಬೀದಿಗೇ ಶುಭ್ರವಾಗಿತ್ತು. ಅವ್ವ ತಿಪ್ಪೆಯ ಕಡೆ ಕೈ ತೋರಿಸಿದಳು.

ಅಪ್ಪ ಓಡಿಹೋಗಿ ಮುನಿಯಮ್ಮಜ್ಜಿಯನ್ನು ಕರೆತಂದ. ಮಗ ಬಾಗಿಲಲ್ಲೇ ತಡೆದನಂತೆ. ಅವಳು ಅವನನ್ನು ದಾಟಿಕೊಂಡು ಬಂದಳು. ನೀರು ಎಲ್ಲಿಂದ ಇಳಿಯಿತು, ಎಲ್ಲಿ ತಿರುಗಿತು, ಎಷ್ಟೆತ್ತರ ನಿಂತಿತು ಎಂದೆಲ್ಲ ಕೋಲಿನಿಂದ ತೋರಿಸಿದಳು. ಸರ್ವೇಯರ್ ಸಭ್ಯ ಮನುಷ್ಯ, ಪೂರ್ತಿ ಕೇಳಿಸಿಕೊಂಡ.

"ನೀವು ಹೇಳೋದು ನಿಜಾನೇ ಇರ್ಬೋದು ಅಜ್ಜಿ. ಆದ್ರೆ ಅದನ್ನ ಬರ್ಕೊಳ್ಳೋಕೆ ಈ ಫಾರಮ್ಮಲ್ಲಿ ಕಾಲಂ ಇಲ್ಲ," ಎಂದ.

ಕೊನೆಗೆ ಊದಿಕೊಂಡಿದ್ದ ಬಾಗಿಲ ಚೌಕಟ್ಟನ್ನು ಅಳೆದು, ಪಕ್ಕದ ಮನೆಯ ಗೋಡೆಯ ಗುರುತನ್ನು ನೋಡಿ ಬರೆದುಕೊಂಡ. ನೆಲ, ಬಾಗಿಲು, ವೈರಿಂಗ್‌ಗೆ ಪರಿಹಾರ ಬಂತು. ಮನೆಯೊಳಗಿನ ಸಾಮಾನಿಗೆ ಬರಲಿಲ್ಲ. ಆ ವಿಮೆ ಕಟ್ಟಡಕ್ಕೆ ಮಾತ್ರವಂತೆ. ಅವ್ವನ ಹೊಲಿಗೆ ಮಷಿನ್ ತುಕ್ಕು ಹಿಡಿದು ಗುಜರಿಗೆ ಹೋಯಿತು.

ಅಜ್ಜಿಯ ಮಾತಿಗೆ ಅಪ್ಪ ಮತ್ತೆಂದೂ ನಗಲಿಲ್ಲ. ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು, ಡಿಕ್ಷನರಿ ಮುಂದಿಟ್ಟು, ಇಂಗ್ಲಿಷಿನಲ್ಲಿದ್ದ ಆ ಪಾಲಿಸಿಯನ್ನು ಒಂದೊಂದೇ ಪದ ಓದಿಸಿದ. ಇನ್ನೊಂದು ಭಾನುವಾರ ಅಜ್ಜಿಯ ಹಿಂದೆ, ನೀರಿನ ದಾರಿ ಹಿಡಿದು, ಮೇಲಿನ ಕೆರೆಯಿಂದ ಕೆಳಗಿನ ಕೆರೆಯವರೆಗೆ ನಡೆದು ಬಂದ. ಮರುವರ್ಷ ಸಾಮಾನಿಗೂ ವಿಮೆ ಸೇರಿಸಿದ, ಹೊಸಿಲನ್ನು ಎತ್ತರಿಸಿದ, ಕರೆಂಟಿನ ಪ್ಲಗ್ಗುಗಳನ್ನೆಲ್ಲ ಎದೆಮಟ್ಟಕ್ಕೆ ಏರಿಸಿದ.

ಈಗ ಅಜ್ಜಿ ಇಲ್ಲ. ಕೊಟ್ಟಿಗೆ ಇದ್ದಲ್ಲಿ ಐದಂತಸ್ತಿನ ಪಿ.ಜಿ. ಎದ್ದಿದೆ. ನಾನು ವೈಟ್‌ಫೀಲ್ಡಿನ ಕಡೆ ಮನೆ ಹುಡುಕುತ್ತಿದ್ದೇನೆ. ಪಾಲಿಸಿಯ ಸಣ್ಣಕ್ಷರಗಳನ್ನು ಯಾರ ಸಹಾಯವಿಲ್ಲದೆ ಓದಬಲ್ಲೆ. ಯಾವುದು ಸೇರಿದೆ, ಯಾವುದು ಇಲ್ಲ ಎಂದು ಏಜೆಂಟಿಗಿಂತ ಮೊದಲು ಹೇಳಬಲ್ಲೆ. ಆದರೂ ಮೋಡ ಕಟ್ಟಿದರೆ ಇವತ್ತಿಗೂ ಎದ್ದು ಹೋಗಿ ಚರಂಡಿ ನೋಡಿ ಬರುತ್ತೇನೆ. ಮಳೆಯನ್ನು ಸುಮ್ಮನೆ ಮಳೆಯೆಂದು ನೋಡುವುದು ಆ ವರ್ಷಕ್ಕೇ ಮುಗಿದುಹೋಯಿತು.

ಹೋದ ವಾರ ಒಂದು ಮನೆ ಹಿಡಿಸಿತು. ಇಲ್ಲಿ ಮೊದಲು ಏನಿತ್ತು ಎಂದು ಬ್ರೋಕರನ್ನು ಕೇಳಿದೆ. "ಏನೂ ಇರ್ಲಿಲ್ಲ ಮೇಡಂ, ಖಾಲಿ ಜಾಗ," ಎಂದ. ಗೇಟಿನ ಸೆಕ್ಯೂರಿಟಿಯವನು ಬಂದು ಆರು ತಿಂಗಳಾಗಿತ್ತು, ಟೀ ಅಂಗಡಿಯಾಕೆ ಬಂದು ಎರಡು ವರ್ಷ. ಹಳಬರು ಯಾರಾದರೂ ಇದ್ದಾರೆಯೇ ಎಂದು ಮನೆಮನೆಗೆ ಹೋಗಿ ವಿಚಾರಿಸಿದೆ. ಅಲ್ಲಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಹೇಳಬಲ್ಲವರು ಆ ಇಡೀ ಬೀದಿಯಲ್ಲಿ ಒಬ್ಬರೂ ಇರಲಿಲ್ಲ.